ಗುಂಡಿಗೆಗೆ ತಾಳ ಹಾಕುವವರಾರು?

ನಮ್ಮ ನುಡಿಯಲ್ಲಿ ಹೃದಯಕ್ಕೆ ಸಂದಿರುವಷ್ಟು ಮನ್ನಣೆ ದೇಹದ ಬೇರಾವ ಅಂಗಕ್ಕೂ ಸಂದಿಲ್ಲ. ಧೈರ್ಯವುಳ್ಳವನು ಎದೆಗಾರ, ಕಂಗೆಟ್ಟವನು ಎದೆಗುಂದಿದವನು, ಕೆಟ್ಟ ಸುದ್ದಿ ಕೇಳಿದವರ ಎದೆ ಒಡೆಯುತ್ತದೆ, ಆಪ್ತರ ಮಾತು ಎದೆಗೆ ನಾಟುತ್ತದೆ. ಬೃಹದಾರಣ್ಯಕ ಉಪನಿಷತ್ತು 'ಹೃದಯ' ಎಂಬ ಪದವನ್ನು ಮೂರು ಅಕ್ಷರಗಳಾಗಿ ಬಿಡಿಸಿ, ಒಂದಕ್ಕೆ ತರುವುದು, ಇನ್ನೊಂದಕ್ಕೆ ಕೊಡುವುದು, ಮತ್ತೊಂದಕ್ಕೆ ಹೋಗುವುದು ಎಂಬ ಅರ್ಥಗಳನ್ನು ಹೊಂದಿಸುತ್ತದೆ. ಇದನ್ನೇ ಮುಂದಿಟ್ಟುಕೊಂಡು ರಕ್ತಪರಿಚಲನೆಯ ರಹಸ್ಯವನ್ನು ನಮ್ಮ ಪ್ರಾಚೀನರು ಅಂದೇ ಅರಿತಿದ್ದರೆಂದು ಸಾರುವ ಉಪನ್ಯಾಸಗಳನ್ನು ನಾವು ಹಲವು ವೇದಿಕೆಗಳಲ್ಲಿ ಕೇಳಿದ್ದೇವೆ. ಮೂಲವನ್ನು ಓದಿದವರಿಗೆ ಅಲ್ಲಿ ರಕ್ತದ ಪ್ರಸ್ತಾಪವೇ ಇಲ್ಲವೆಂಬುದು ತಿಳಿದೀತು. ಅದು ಉಪಾಸನೆಯ ಮಾತು. ಅದರ ಘನತೆಗೆ ಇಂಥ ಆಸರೆಯ ಅಗತ್ಯವೂ ಇಲ್ಲ. ಮಾಂಸದ ಹೃದಯವು ಹೇಗೆ ದುಡಿಯುತ್ತದೆಂಬುದು ಬೇರೆಯೇ ಆದ ವಿಷಯ. ಅದನ್ನು ತಿಳಿಯಲು ಮನುಷ್ಯಕುಲ ಬಹಳ ಕಾಲ ತಡಕಾಡಿತು. ಆ ತಿಳಿವಳಿಕೆ ಇಂದು ನಮ್ಮ ಮನೆಗಳ ಹಿರಿಯರ ಪ್ರಾಣವನ್ನು ಉಳಿಸುವಂತಿದ್ದರೂ ಅನೇಕ ಮನೆಗಳಿಗೆ ಅದು ತಲುಪಿಲ್ಲವೆಂಬ ಕಾರಣದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೃದಯವು ಎಡಗಡೆ ಇದೆಯೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದು ಎದೆಯ ನಡುವೆ, ಎರಡು ಪುಪ್ಪುಸಗಳ ಮಧ್ಯದಲ್ಲಿ, ತುದಿಯನ್ನು ಎಡಕ್ಕೆ ವಾಲಿಸಿಕೊಂಡು ಕುಳಿತಿದೆ. ಗಾತ್ರ ಅವರವರ ಮುಷ್ಟಿಯಷ್ಟು. ತೂಕ ಸುಮಾರು 250ರಿಂದ 350 ಗ್ರಾಂ. ಒಳಗೆ ನಾಲ್ಕು ಕೋಣೆಗಳು: ಮೇಲಿನವೆರಡು ಹೃತ್ಕರ್ಣಗಳು, ಕೆಳಗಿನವೆರಡು ಹೃತ್ಕುಕ್ಷಿಗಳು. ಹೊರಗಿನಿಂದ ನೋಡಿದರೆ ಒಂದೇ ಅಂಗ. ಕೆಲಸದಲ್ಲಿ ಮಾತ್ರ ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಪಂಪುಗಳು. ಬಲಗಡೆಯ ಪಂಪು ಮೈಯೆಲ್ಲ ಸುತ್ತಿ ದಣಿದು ಬಂದ ರಕ್ತವನ್ನು ಪಕ್ಕದಲ್ಲಿಯೇ ಇರುವ ಪುಪ್ಪುಸಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ತುಂಬಿಕೊಂಡು ಮರಳಿದ ರಕ್ತವನ್ನು ಎಡಗಡೆಯ ಪಂಪು ಮಹಾಧಮನಿಯ ಮೂಲಕ ನೆತ್ತಿಯಿಂದ ಅಂಗಾಲಿನವರೆಗೂ ದೂಡುತ್ತದೆ. ಬಲಗಡೆಯದು ನೆರೆಮನೆಗೆ ನೀರು ಹೊರುವ ಕೆಲಸ, ಎಡಗಡೆಯದು ಊರಿಗೆಲ್ಲ ನೀರೊದಗಿಸುವ ಕೆಲಸ. ಆದ್ದರಿಂದಲೇ ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ಹಲವು ಪಟ್ಟು ದಪ್ಪ. ರಕ್ತದೊತ್ತಡ 120 ಎಂದು ವೈದ್ಯರು ಬರೆಯುವುದು ಎಡಗಡೆಯ ಒತ್ತಡವನ್ನು. ಬಲಗಡೆಯಲ್ಲಿ ಅದು ಸುಮಾರು 25 ಮಾತ್ರ.

ಪಂಪು ಎಂದೊಡನೆ ಕವಾಟದ ಮಾತು ಬರಲೇಬೇಕು. ಕಮ್ಮಾರನ ತಿದಿಯನ್ನು ನೋಡಿದವರಿಗೆ ಗಾಳಿಯನ್ನು ಒಳಗೆ ಬಿಟ್ಟು ಹಿಂದಕ್ಕೆ ಹೋಗಗೊಡದ ಅದರ ಮುಚ್ಚಳ ಗೊತ್ತು. ಬಾವಿಗೆ ಪಂಪ್‌ಸೆಟ್ ಇಟ್ಟ ರೈತರಿಗಂತೂ ಫುಟ್‌ವಾಲ್ವ್ ಸೋರಿದರೆ ಏನಾಗುತ್ತದೆಂಬುದನ್ನು ಹೇಳಿಕೊಡಬೇಕಾಗಿಲ್ಲ; ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಹೃದಯದಲ್ಲಿ ಇಂಥ ಕವಾಟಗಳು ನಾಲ್ಕು. ಇವುಗಳಲ್ಲಿ ಕರ್ಣ ಮತ್ತು ಕುಕ್ಷಿಗಳ ನಡುವಿನ ಎರಡು ಕವಾಟಗಳು ಮುಚ್ಚುವಾಗ ಕೇಳುವ ಮಂದ್ರವಾದ ಸದ್ದು ಮೊದಲನೆಯದು. ಹೊರದಾರಿಯ ಎರಡು ಕವಾಟಗಳು ಮುಚ್ಚುವಾಗ ಕೇಳುವ ಚುರುಕಾದ ಸದ್ದು ಎರಡನೆಯದು. 'ಲಬ್-ಡಬ್' ಎಂದು ನಾವು ಕರೆಯುವುದು ಮುಚ್ಚುವ ಈ ಬಾಗಿಲುಗಳ ಸದ್ದನ್ನೇ.

ಈ ಬಾಗಿಲುಗಳನ್ನು ಕೆಡಿಸುವ ಒಂದು ವ್ಯಾಧಿಯನ್ನು ಇಲ್ಲಿ ಹೆಸರಿಸದೆ ಮುಂದೆ ಹೋಗುವುದು ಸರಿಯಲ್ಲ. 5ರಿಂದ 15 ವರ್ಷದ ಮಕ್ಕಳಿಗೆ ಒಂದು ಬಗೆಯ ಸೋಂಕಿನಿಂದ ಗಂಟಲು ನೋವು ಬಂದು, ಅದಕ್ಕೆ ತಕ್ಕ ಚಿಕಿತ್ಸೆ ದೊರೆಯದಿದ್ದರೆ, ಕೆಲವರಲ್ಲಿ ಎರಡು ಮೂರು ವಾರಗಳ ತರುವಾಯ ಜ್ವರ ಮತ್ತು ಕೀಲುಬಾವು ಕಾಣಿಸಿಕೊಳ್ಳುತ್ತವೆ. ಇದು ಸಂಧಿವಾತ ಜ್ವರ. ಕೀಲಿನ ನೋವು ಹೋಗುತ್ತದೆ, ಹೃದಯದ ಕವಾಟದ ಮೇಲಿನ ಗಾಯ ಉಳಿಯುತ್ತದೆ. ಮೂರು ನಾಲ್ಕು ವಾರಗಳಿಗೊಮ್ಮೆ ವರ್ಷಗಟ್ಟಲೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಅದು ಮರುಕಳಿಸದಂತೆ ತಡೆಯುತ್ತದೆ. ಆದರೆ ನಮ್ಮ ಕುಟುಂಬಗಳಲ್ಲಿ ನಡೆಯುವುದೇನು? ಹುಡುಗಿಗೆ 'ಹೃದಯದ ದೋಷ' ಇದೆಯೆಂದು ಸುದ್ದಿಯಾದರೆ ಸಂಬಂಧ ಕೂಡಿಬರುವುದಿಲ್ಲವೆಂದು ಚುಚ್ಚುಮದ್ದನ್ನು ನಿಲ್ಲಿಸಿ, ವಿಷಯವನ್ನು ಮುಚ್ಚಿಟ್ಟು, ಮದುವೆ ಮಾಡಿಬಿಡುವುದು. ಬಸಿರಿನಲ್ಲಿ ಹೆಂಗಸಿನ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ. ಕಿರಿದಾದ ಕವಾಟವು ಆ ಭಾರವನ್ನು ಹೊರಲಾರದೆ, ಚೊಚ್ಚಲ ಹೆರಿಗೆಯ ಹೊತ್ತಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಬರುವ ಹೆಣ್ಣುಮಕ್ಕಳಿದ್ದಾರೆ. ಮುಚ್ಚಿಟ್ಟ ತಂದೆತಾಯಿಗಳನ್ನು ನಾವು ನಿಷ್ಠುರವಾಗಿಯೇ ದೂಷಿಸುತ್ತೇವೆ. ಮುಚ್ಚಿಡುವಂತೆ ಮಾಡಿದ ಸಮಾಜದಲ್ಲಿ ನಾವೂ ಇದ್ದೇವೆ.

ಇನ್ನು ರಕ್ತವು ಸುತ್ತುತ್ತದೆಂಬುದು ತಿಳಿದ ಬಗೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್, ರಕ್ತವು ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ಇಂಗಿಹೋಗುತ್ತದೆಂದೂ, ಹೃದಯದ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳಿಂದ ಬಲದಿಂದ ಎಡಕ್ಕೆ ಒಸರುತ್ತದೆಂದೂ ಬರೆದನು. ಸಾವಿರದ ನಾನೂರು ವರ್ಷ ಪಶ್ಚಿಮ ದೇಶಗಳಲ್ಲಿ ಅದೇ ವೇದವಾಕ್ಯವಾಗಿತ್ತು. ಹದಿಮೂರನೆಯ ಶತಮಾನದಲ್ಲಿ ಕೈರೋ ನಗರದ ಇಬ್ನ್ ಅಲ್-ನಫೀಸ್ ಎಂಬ ವೈದ್ಯನು, ನಡುಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತವು ಪುಪ್ಪುಸಗಳ ಮೂಲಕವೇ ಎಡಕ್ಕೆ ಬರಬೇಕು ಎಂದು ಸ್ಪಷ್ಟವಾಗಿ ಬರೆದಿದ್ದನು. ಆತನ ಹಸ್ತಪ್ರತಿಯೊಂದು ಬರ್ಲಿನ್ನಿನಲ್ಲಿ ಬೆಳಕಿಗೆ ಬಂದದ್ದು 1924ರಲ್ಲಿ. ಮಠಗಳ ಕಟ್ಟುಗಳಲ್ಲಿ ಓಲೆಗರಿಗಳನ್ನು ಬಿಚ್ಚಿ ನೋಡಿದ ನಮಗೆ ಈ ಸಂಗತಿ ವಿಶೇಷವಾಗಿ ಮನಸ್ಸಿಗೆ ತಟ್ಟುತ್ತದೆ.

ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕ ಗೇಲನ್ನನ ಮಾತಿಗೆ ತೆರೆಯೆಳೆಯಿತು. ಹಾರ್ವೆ ಮಾಡಿದ್ದು ಒಂದು ಸರಳ ಲೆಕ್ಕ. ಒಂದು ಬಡಿತಕ್ಕೆ ಹೃದಯವು ಹೊರಚೆಲ್ಲುವ ರಕ್ತ ಎಷ್ಟೇ ಅಲ್ಪವೆಂದು ಹಿಡಿದರೂ ಅರ್ಧ ಗಂಟೆಯಲ್ಲಿ ಅದು ದೇಹದಲ್ಲಿರುವ ಒಟ್ಟು ರಕ್ತವನ್ನು ಮೀರುತ್ತದೆ. ಉಂಡ ಅನ್ನದಿಂದ ಅಷ್ಟು ರಕ್ತ ಹುಟ್ಟಲಾರದು. ಆದ್ದರಿಂದ ಹೋದದ್ದೇ ಮರಳಿ ಬರುತ್ತಿರಬೇಕು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು, ನಿಮಿಷಕ್ಕೆ 72 ಬಡಿತ, ಅಂದರೆ ನಿಮಿಷಕ್ಕೆ 5 ಲೀಟರು, ಗಂಟೆಗೆ 300 ಲೀಟರು. ದೊಡ್ಡವರ ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರು!

ಹಾರ್ವೆ ತೋರಿಸಿದ ಒಂದು ಪ್ರಯೋಗವನ್ನು ಓದುಗರು ಮನೆಯಲ್ಲಿಯೇ ಮಾಡಿ ನೋಡಬಹುದು. ರಟ್ಟೆಗೆ ಬಟ್ಟೆಯನ್ನು ಸ್ವಲ್ಪ ಬಿಗಿಯಾಗಿ ಸುತ್ತಿದರೆ ಮುಂಗೈಯ ನೀಲಿ ನರಗಳು ಉಬ್ಬಿ, ಅಲ್ಲಲ್ಲಿ ಗಂಟುಗಳು ಕಾಣುತ್ತವೆ. ಉಬ್ಬಿದ ನರವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೇಲಿನ ಗಂಟಿನ ಆಚೆಗೆ ರಕ್ತವನ್ನು ಸವರಿದರೆ, ನಡುವಿನ ಭಾಗ ಬರಿದಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತ ಇಳಿಯುವುದಿಲ್ಲ. ಕೆಳಗಿನ ಬೆರಳನ್ನು ಎತ್ತಿದೊಡನೆ ಕೆಳಗಿನಿಂದ ತುಂಬುತ್ತದೆ. ಗಂಟುಗಳಲ್ಲಿ ಒಮ್ಮುಖದ ಕವಾಟಗಳಿವೆ. ಧಮನಿಗಳಿಂದ ಅಭಿಧಮನಿಗಳಿಗೆ ರಕ್ತವು ದಾಟುವ ಸೂಕ್ಷ್ಮ ದಾರಿಯನ್ನು ಮಾತ್ರ ಹಾರ್ವೆ ಕಾಣಲಿಲ್ಲ. ಆತ ತೀರಿಕೊಂಡು ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಪುಪ್ಪುಸದಲ್ಲಿ ಆ ಕೂದಲೆಳೆಗಿಂತ ಸಣ್ಣ ನಾಳಗಳನ್ನು ಕಂಡನು.

ಈಗ ನಮ್ಮ ತಲೆಬರಹದ ಪ್ರಶ್ನೆಗೆ ಬರೋಣ. ಕೈಯನ್ನು ಎತ್ತಬೇಕಾದರೆ ಮಿದುಳು ಅಪ್ಪಣೆ ಕೊಡಬೇಕು. ಹೃದಯಕ್ಕೆ ಅಂಥ ಅಪ್ಪಣೆ ಬೇಕಾಗಿಲ್ಲ. ತಾಯಿಯ ಗರ್ಭದಲ್ಲಿ ಅದು ನಾಲ್ಕನೆಯ ವಾರದಲ್ಲಿಯೇ ಮಿಡಿಯತೊಡಗುತ್ತದೆ. ಆಗ ನರಗಳು ಇನ್ನೂ ಅದನ್ನು ತಲುಪಿಯೇ ಇರುವುದಿಲ್ಲ. ಹಾಗಾದರೆ ತಾಳ ಹಾಕುವವರು ಹೃದಯದ ಒಳಗೇ ಇರಬೇಕು. ಅವರನ್ನು ಹುಡುಕಿದ್ದು ಬಾಗಿಲಿನಿಂದ ಒಳಕ್ಕೆ ಬಂದಂತಲ್ಲ, ಹಿತ್ತಿಲಿನಿಂದ ಪಡಸಾಲೆಗೆ ಬಂದಂತೆ. 1839ರಲ್ಲಿ ಪುರ್ಕಿಂಜೆ ಕುಕ್ಷಿಗಳ ಒಳಗೋಡೆಯಲ್ಲಿ ಹರಡಿದ ವಿಚಿತ್ರ ತಂತುಗಳನ್ನು ಗುರುತಿಸಿದನು. 1893ರಲ್ಲಿ ವಿಲ್ಹೆಲ್ಮ್ ಹಿಸ್ ಕರ್ಣಗಳಿಂದ ಕುಕ್ಷಿಗಳಿಗೆ ಸೇತುವೆಯಂತಿರುವ ತಂತುಕಟ್ಟನ್ನು ಕಂಡನು. 1906ರಲ್ಲಿ ಜರ್ಮನಿಯಲ್ಲಿ ಅಭ್ಯಾಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರಾ, ಆ ಸೇತುವೆಯ ಹೆಬ್ಬಾಗಿಲಾದ ಎ.ವಿ. ಗಂಟನ್ನು ವಿವರಿಸಿದನು. ಎಲ್ಲಕ್ಕೂ ಮೊದಲಿನದಾದ ಮೂಲವು ಕೊನೆಗೆ ಸಿಕ್ಕಿತು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಹಳ್ಳಿಮನೆಯಲ್ಲಿ ಆರ್ಥರ್ ಕೀತ್ ಜೊತೆ ಕೆಲಸ ಮಾಡುತ್ತಿದ್ದ ಮಾರ್ಟಿನ್ ಫ್ಲಾಕ್ ಎಂಬ ವೈದ್ಯ ವಿದ್ಯಾರ್ಥಿಗೆ, ನೆಲದಡಿ ಬದುಕುವ ಮೋಲ್ ಎಂಬ ಸಣ್ಣ ಪ್ರಾಣಿಯ ಹೃದಯದಲ್ಲಿ, ಬಲ ಹೃತ್ಕರ್ಣಕ್ಕೆ ದೊಡ್ಡ ಅಭಿಧಮನಿ ಸೇರುವ ಎಡೆಯಲ್ಲಿ, ಒಂದು ಅಪೂರ್ವ ರಚನೆ ಕಾಣಿಸಿತು. ಇಬ್ಬರೂ ಅದನ್ನು 1907ರಲ್ಲಿ ಪ್ರಕಟಿಸಿದರು. ಇದೇ ಎಸ್.ಎ. ಗಂಟು, ಹೃದಯದ ನಿಜವಾದ ತಾಳಗಾರ. ಮನುಷ್ಯನಲ್ಲಿ ಇದರ ಉದ್ದ ಎರಡು ಸೆಂಟಿಮೀಟರಿಗಿಂತ ಹೆಚ್ಚಿಲ್ಲ.

ಈ ಗಂಟಿನ ಜೀವಕೋಶಗಳಿಗೆ ಸುಮ್ಮನಿರಲು ಬಾರದು. ಉಪ್ಪಿನ ಅಂಶಗಳಾದ ಸೋಡಿಯಂ ಮತ್ತು ಕ್ಯಾಲ್ಸಿಯಂ ಕಣಗಳು ಅವುಗಳೊಳಕ್ಕೆ ಹನಿಹನಿಯಾಗಿ ಜಿನುಗುತ್ತಿರುತ್ತವೆ. ಒಂದು ಮಟ್ಟ ಮುಟ್ಟಿದೊಡನೆ ಕಿಡಿ ಹಾರಿದಂತೆ ವಿದ್ಯುತ್ತಿನ ಅಲೆಯೊಂದು ಏಳುತ್ತದೆ. ಮತ್ತೆ ಮೊದಲಿನಿಂದ ಜಿನುಗು. ಹಳೆಯ ಘಟಿಕಾಯಂತ್ರದ ಬಟ್ಟಲು ನೀರು ತುಂಬಿ ಮುಳುಗಿದಾಗ ಗಳಿಗೆಯಾಯಿತೆಂದು ಸಾರುತ್ತಿದ್ದರಲ್ಲ, ಅದನ್ನು ನೆನೆದರೆ ಸಾಕು. ಎದ್ದ ಅಲೆ ಎರಡೂ ಕರ್ಣಗಳಲ್ಲಿ ಹಬ್ಬಿ ಅವನ್ನು ಕುಗ್ಗಿಸುತ್ತದೆ. ಬಳಿಕ ಅದು ಎ.ವಿ. ಗಂಟಿಗೆ ಬಂದು, ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತಡೆದು ನಿಲ್ಲುತ್ತದೆ. ಈ ತಡೆ ಇಲ್ಲದಿದ್ದರೆ ಮೇಲಿನ ಕೋಣೆ ಬರಿದಾಗುವ ಮೊದಲೇ ಕೆಳಗಿನದು ಮುಷ್ಟಿ ಬಿಗಿಯುತ್ತಿತ್ತು. ಆಮೇಲೆ ಅಲೆಯು ಹಿಸ್ ತಂತುಕಟ್ಟಿನಲ್ಲಿ ಇಳಿದು, ಪುರ್ಕಿಂಜೆ ತಂತುಗಳಲ್ಲಿ ಮಿಂಚಿನಂತೆ ಹರಡಿ, ಕುಕ್ಷಿಗಳನ್ನು ತುದಿಯಿಂದ ಮೇಲಕ್ಕೆ ಹಿಂಡುತ್ತದೆ. ನಿಮಿಷಕ್ಕೆ 75 ಬಡಿತವಿದ್ದಾಗ ಒಂದು ಆವರ್ತಕ್ಕೆ 0.8 ಸೆಕೆಂಡು. ಇದರಲ್ಲಿ ಕುಕ್ಷಿಗಳು ದುಡಿಯುವುದು 0.3 ಸೆಕೆಂಡು, ವಿರಮಿಸುವುದು 0.5 ಸೆಕೆಂಡು. ಹೃದಯಕ್ಕೆ ವಿಶ್ರಾಂತಿಯೇ ಇಲ್ಲವೆಂಬ ಕವಿಗಳ ಮಾತು ಹೀಗೆ ಪೂರ್ತಿ ನಿಜವಲ್ಲ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ತನ್ನ ಪಾಲಿನ ರಕ್ತ ಬಹುಮಟ್ಟಿಗೆ ದೊರೆಯುವುದು ಈ ವಿರಾಮದಲ್ಲಿಯೇ. ಹಿಂಡುವಾಗ ತನ್ನ ನಾಳಗಳನ್ನು ತಾನೇ ಅಮುಕಿಕೊಂಡಿರುತ್ತದೆ. ಊರಿಗೆಲ್ಲ ಬಡಿಸಿದ ಮೇಲೆ ತಾನು ಉಣ್ಣುವ ಗೃಹಿಣಿಯ ಪಾಡು ಅದರದು.

ತಾಳಗಾರನು ಒಳಗಿನವನಾದರೂ ಲಯವನ್ನು ಏರಿಳಿಸುವ ಅಧಿಕಾರ ನರಗಳಿಗಿದೆ. ಎಸ್.ಎ. ಗಂಟನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತದೆ; ವೇಗಸ್ ಎಂಬ ನರವು ಲಗಾಮು ಹಿಡಿದು ಅದನ್ನು 70ರ ಆಸುಪಾಸಿಗೆ ಇಳಿಸುತ್ತದೆ. ಬದಲಿ ಹೃದಯ ಪಡೆದವರಲ್ಲಿ ಈ ನರದ ಸಂಪರ್ಕ ಕಡಿದಿರುವುದರಿಂದ ಅವರ ನಾಡಿ ಸುಮ್ಮನೆ ಕುಳಿತಾಗಲೂ ವೇಗವಾಗಿರುತ್ತದೆ. ವೇಗಸ್ ತನ್ನ ಸಂದೇಶವನ್ನು ಹೇಗೆ ಮುಟ್ಟಿಸುತ್ತದೆಂಬುದನ್ನು ಆಟೋ ಲೋವಿ 1921ರಲ್ಲಿ ತೋರಿಸಿದನು. ಎರಡು ಕಪ್ಪೆಗಳ ಹೃದಯಗಳನ್ನು ದ್ರಾವಣದಲ್ಲಿಟ್ಟು, ಒಂದರ ವೇಗಸ್ ನರವನ್ನು ಕೆರಳಿಸಿದಾಗ ಅದು ನಿಧಾನವಾಯಿತು. ಅದರ ಸುತ್ತಲಿನ ದ್ರಾವಣವನ್ನು ಎರಡನೆಯದಕ್ಕೆ ಸುರಿದಾಗ ಅದೂ ನಿಧಾನವಾಯಿತು. ನರದ ತುದಿಯಿಂದ ಒಸರುವ ರಸವೊಂದು ಈ ಕೆಲಸ ಮಾಡುತ್ತದೆಂದು ಸಿದ್ಧವಾಯಿತು. ಈ ಪ್ರಯೋಗದ ವಿಧಾನವು ತನಗೆ ಕನಸಿನಲ್ಲಿ ಹೊಳೆಯಿತೆಂದು ಲೋವಿ ಹೇಳಿಕೊಂಡಿದ್ದನು! 1936ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ಭಯ, ಕೋಪ, ಓಟಗಳ ಹೊತ್ತಿನಲ್ಲಿ ಇನ್ನೊಂದು ನರಸಮೂಹವು ಚಾಟಿ ಬೀಸುತ್ತದೆ. ಉಸಿರಿಗೂ ನಾಡಿಗೂ ನಂಟುಂಟು: ಉಸಿರನ್ನು ಒಳಗೆಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಎಳೆಯರಲ್ಲಿ ಇದು ಎದ್ದು ಕಾಣುತ್ತದೆ; ರೋಗವಲ್ಲ. ಪೂಜೆಗೆ ಕುಳಿತು ದೀರ್ಘವಾಗಿ ಉಸಿರು ಬಿಡುವವರಿಗೆ ಎದೆ ಶಾಂತವಾದಂತೆ ಅನಿಸುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈ ವಿದ್ಯುತ್ತಿನ ಅಲೆಯನ್ನು ಚರ್ಮದ ಮೇಲಿನಿಂದಲೇ ಬರೆದುಕೊಳ್ಳುವ ಯಂತ್ರವನ್ನು ಹಾಲೆಂಡಿನ ಐಂತೋವೆನ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿ, 1924ರಲ್ಲಿ ನೊಬೆಲ್ ಪಡೆದನು. ಅಂದು ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಾಗಿತ್ತು. ಇಂದಿನ ಇ.ಸಿ.ಜಿ. ಅದರದೇ ಸಂತಾನ.

ತಾಳ ತಪ್ಪಿದಾಗ ಏನಾಗುತ್ತದೆ? ವಯಸ್ಸಾದಂತೆ ಎಸ್.ಎ. ಗಂಟು ಸೊರಗಬಹುದು, ಅಥವಾ ಕರ್ಣದಿಂದ ಕುಕ್ಷಿಗೆ ಹೋಗುವ ಸೇತುವೆ ಕಡಿಯಬಹುದು. ಆಗ ಕೆಳಗಿನವರು ತಾವೇ ತಾಳ ಹಿಡಿಯುತ್ತಾರೆ, ಆದರೆ ಎ.ವಿ. ಗಂಟಿನ ವೇಗ ನಿಮಿಷಕ್ಕೆ 40ರಿಂದ 60, ಕುಕ್ಷಿಗಳದು 20ರಿಂದ 40 ಮಾತ್ರ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಟ್ಟು, ಮನುಷ್ಯ ಇದ್ದಕ್ಕಿದ್ದಂತೆ ಬೀಳುತ್ತಾನೆ. ಕೆಲವು ಕ್ಷಣಗಳಲ್ಲಿ ಏನೂ ಆಗದವನಂತೆ ಏಳುತ್ತಾನೆ. ಇದನ್ನು ಪಿತ್ತವೆಂದು, ಗಾಳಿಯೆಂದು, ಮುಪ್ಪೆಂದು ತಳ್ಳಿಹಾಕುವುದು ನಮ್ಮ ಮನೆಗಳ ರೂಢಿ. ಪಳಗಿದ ಓಟಗಾರರ ನಾಡಿಯೂ 40ಕ್ಕೆ ಇಳಿದಿರುತ್ತದೆ, ಅವರಿಗೆ ತೊಂದರೆಯಿಲ್ಲ. ನಿಧಾನದ ಜೊತೆಗೆ ತಲೆಸುತ್ತು, ಬೀಳುವಿಕೆ, ಏದುಸಿರು ಇದ್ದರೆ ಮಾತ್ರ ತಡಮಾಡಬಾರದು.

ಇದಕ್ಕೆ ಮದ್ದು ಪೇಸ್‌ಮೇಕರ್. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಗೆ ಶಸ್ತ್ರವೈದ್ಯ ಸೆನ್ನಿಂಗ್ ಜಗತ್ತಿನಲ್ಲಿ ಮೊದಲ ಬಾರಿಗೆ ದೇಹದೊಳಗಿನ ಪೇಸ್‌ಮೇಕರನ್ನು ಅಳವಡಿಸಿದನು. ಲಾರ್ಸನ್ ದಿನಕ್ಕೆ ಹಲವು ಬಾರಿ ಪ್ರಜ್ಞೆ ತಪ್ಪುತ್ತಿದ್ದನು. ಯಂತ್ರ ಇನ್ನೂ ಸಿದ್ಧವಾಗಿಲ್ಲವೆಂದರೂ ಬಿಡದೆ ವೈದ್ಯರನ್ನೂ ಎಂಜಿನಿಯರ್ ಎಲ್ಮ್‌ಕ್ವಿಸ್ಟ್‌ನನ್ನೂ ಕಾಡಿ ಒಪ್ಪಿಸಿದವಳು ಆತನ ಪತ್ನಿ. ಬೂಟು ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿಸಿ ಎರಕ ಹೊಯ್ದ ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡ ಲಾರ್ಸನ್, ಯಂತ್ರ ರೂಪಿಸಿದವನಿಗಿಂತಲೂ ಶಸ್ತ್ರಕ್ರಿಯೆ ಮಾಡಿದವನಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ರ ವಯಸ್ಸಿನಲ್ಲಿ ತೀರಿಕೊಂಡನು.

ನಮಗೆ ಪರಿಚಿತರಾದ, ಎಂಬತ್ತು ದಾಟಿದ ಹಿರಿಯರೊಬ್ಬರ ನಾಡಿ 34ಕ್ಕೆ ಇಳಿದಿತ್ತು. ಮಕ್ಕಳು ಹಣ ಹೊಂದಿಸಿದ್ದರು, ಇವರು ಒಲ್ಲೆನೆನ್ನುತ್ತಿದ್ದರು. "ಗುರುಗಳೇ, ಹೋಗೋ ಕಾಲ ಬಂದಾಗ ಈ ಡಬ್ಬಿ ನನ್ನ ಜೀವಾ ಹಿಡಕೊಂಡು ಕುಂತರ ಏನ್ ಮಾಡ್ಲಿ? ಅತ್ತ ಹೋಗಂಗಿಲ್ಲ, ಇತ್ತ ಇರಂಗಿಲ್ಲ" ಎಂದು ನಮ್ಮ ಮುಂದೆ ಕೇಳಿದರು. ಗೇಲಿ ಮಾಡುವ ಪ್ರಶ್ನೆ ಇದಲ್ಲ. ಅನೇಕ ಹಿರಿಯರ ಮನಸ್ಸಿನಲ್ಲಿದ್ದೂ ಬಾಯಿಗೆ ಬಾರದ ಪ್ರಶ್ನೆ. "ಗೌಡರೇ, ಡಬ್ಬಿ ಬರೀ ಕಿಡಿ ಕೊಡುತ್ತದೆ. ಕಿಡಿಗೆ ಓಗೊಡಬೇಕಾದದ್ದು ನಿಮ್ಮ ಗುಂಡಿಗೆಯ ಸ್ನಾಯು. ಅದು ತಣ್ಣಗಾದ ದಿನ ಕಿಡಿ ಎಷ್ಟು ಹಾರಿದರೂ ಒದ್ದೆ ಸೌದೆಗೆ ಬೆಂಕಿ ಹತ್ತುವುದಿಲ್ಲ" ಎಂದೆವು. ವೈದ್ಯರೂ ಅದನ್ನೇ ಹೇಳಿದರು. ಗೌಡರು ಒಪ್ಪಿದರು. ಯಂತ್ರ ಹಾಕಿಸಿಕೊಂಡ ಮೇಲೆ ಹೊಲದ ಬದುವಿನವರೆಗೂ ನಡೆದಾಡಿದರು. ನಾಲ್ಕು ವರ್ಷಗಳ ನಂತರ ನ್ಯುಮೋನಿಯಾ ಬಂದು, ಮಕ್ಕಳ ನಡುವೆ, ಶಾಂತವಾಗಿ ಲಿಂಗೈಕ್ಯರಾದರು.

ಇಂದಿನ ಪೇಸ್‌ಮೇಕರ್ ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಕೊರಳೆಲುಬಿನ ಕೆಳಗೆ ಚರ್ಮದಡಿ ಇರಿಸಿ, ಅಭಿಧಮನಿಯ ಮೂಲಕ ತಂತಿಯನ್ನು ಹೃದಯಕ್ಕೆ ಇಳಿಸುತ್ತಾರೆ. ಹೃದಯ ತಾನೇ ಮಿಡಿದರೆ ಅದು ಸುಮ್ಮನಿರುತ್ತದೆ, ತಡಮಾಡಿದರೆ ಮಾತ್ರ ಎಚ್ಚರಿಸುತ್ತದೆ. ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬರುತ್ತದೆ. ನಮ್ಮ ಭಕ್ತರಿಗೆ ಸಹಜವಾಗಿ ಬರುವ ಒಂದು ಸಂದೇಹ ಕರಡಿಗೆಯದು. ಬೆಳ್ಳಿ ಅಯಸ್ಕಾಂತವಲ್ಲ, ಬೆಳ್ಳಿಯ ಕರಡಿಗೆ ಎದೆಯ ಮೇಲಿದ್ದರೆ ಯಂತ್ರಕ್ಕೆ ಬಾಧೆಯಿಲ್ಲ. ಹೊಲಿಗೆ ಮಾಯುವವರೆಗೆ ದಾರವು ಗಾಯಕ್ಕೆ ಉಜ್ಜದಂತೆ ನೋಡಿಕೊಂಡರಾಯಿತು. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಲೋಹವನ್ನು ತೆಗೆಯಿಸುತ್ತಾರೆ. ಇಷ್ಟಲಿಂಗದ ವಿಷಯವನ್ನು ಹಿಂದಿನ ದಿನವೇ ವೈದ್ಯರಿಗೆ ತಿಳಿಸಿ ಮಾತಾಡಿಕೊಳ್ಳಬೇಕೇ ಹೊರತು ಬಾಗಿಲಲ್ಲಿ ವಾದಕ್ಕಿಳಿಯಬಾರದು. ನಿಜವಾಗಿ ದೂರವಿಡಬೇಕಾದದ್ದು ಅಯಸ್ಕಾಂತವುಳ್ಳ ವಸ್ತುಗಳನ್ನು ಮತ್ತು ಮೊಬೈಲ್ ಫೋನನ್ನು. ಯಂತ್ರದಿಂದ ಒಂದು ಗೇಣಾದರೂ ಅಂತರವಿರಲಿ, ಆ ಬದಿಯ ಅಂಗಿಯ ಜೇಬಿನಲ್ಲಿ ಫೋನು ಬೇಡ. ದೇಹವನ್ನು ಭೂಮಿಗೆ ಒಪ್ಪಿಸುವ ನಮ್ಮವರಿಗೆ ಕೊನೆಯಲ್ಲಿ ಇದರಿಂದ ಅಪಾಯವಿಲ್ಲ; ದಹನ ಮಾಡುವವರು ಮಾತ್ರ ಮೊದಲೇ ತೆಗೆಸಬೇಕು, ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ.

ನಿಧಾನವಲ್ಲದ, ಅಡ್ಡಾದಿಡ್ಡಿಯಾದ ತಾಳವೂ ಉಂಟು. ಹೃತ್ಕರ್ಣಗಳು ಕುಗ್ಗದೆ ಬರಿದೆ ಅದುರಿದರೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವಾ ಹೊಡೆಯಬಹುದು. ಹೆಪ್ಪು ತಡೆಯುವ ಔಷಧಿಗಳಿವೆ, ಗುರುತಿಸುವುದು ಮುಖ್ಯ. ಅರವತ್ತು ದಾಟಿದವರು ತಿಂಗಳಿಗೊಮ್ಮೆಯಾದರೂ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಮೂರು ಬೆರಳಿಟ್ಟು ಒಂದು ಪೂರ್ತಿ ನಿಮಿಷ ನಾಡಿ ಎಣಿಸಬೇಕು. ಒಂದಕ್ಕೊಂದು ಅಂತರ ಹೊಂದದೆ ಬೇಕಾಬಿಟ್ಟಿ ಬಡಿಯುತ್ತಿದ್ದರೆ ಒಂದು ಇ.ಸಿ.ಜಿ. ಮಾಡಿಸಬೇಕು.

ಹೃತ್ಕುಕ್ಷಿಗಳೇ ಹೀಗೆ ಅದುರತೊಡಗಿದರೆ ಪಂಪು ನಿಂತಂತೆಯೇ. ಮನುಷ್ಯ ಕುಸಿಯುತ್ತಾನೆ, ಕೂಗಿದರೆ ಓಗೊಡುವುದಿಲ್ಲ, ಉಸಿರಾಟವಿಲ್ಲ ಅಥವಾ ಬರೀ ಏಕುಸಿರು. ಕೆಲವೇ ನಿಮಿಷಗಳಲ್ಲಿ ಮಿದುಳು ಸಾಯತೊಡಗುತ್ತದೆ. ನೀರು ಕುಡಿಸಬಾರದು, ಎತ್ತಿ ಕೂರಿಸಬಾರದು. ಒಬ್ಬರು 108ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಒಂದರ ಮೇಲೊಂದು ಅಂಗೈಯ ಬುಡವನ್ನಿಟ್ಟು, ಮೊಣಕೈ ಮಡಚದೆ, ಎರಡು ಅಂಗುಲ ಆಳಕ್ಕೆ ಒತ್ತಿ ಬಿಡಬೇಕು. ನಿಮಿಷಕ್ಕೆ 100ರಿಂದ 120 ಸಲ. ಒಳಗಿನ ತಾಳಗಾರ ಕೈಬಿಟ್ಟ ಕೆಲಸವನ್ನು ಹೊರಗಿನ ಕೈ ಮಾಡುವುದೆಂದರೆ ಇದೇ. ಪಕ್ಕೆಲುಬು ಮುರಿದೀತೆಂದು ಅಂಜಬೇಕಾಗಿಲ್ಲ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ; ಆಗ ಮತ್ತೊಬ್ಬರು ಅದೇ ಜಾಗದಲ್ಲಿ ಕೈಯಿಟ್ಟು, ನೆರವು ಬರುವವರೆಗೆ ಮುಂದುವರಿಸಬೇಕು.